ಹಿತ್ತಲು ಕೇಳಿದ ದಾರಿ

ಕೊರಳಲ್ಲಿ ಹಾರ ಹಾಕಿಕೊಂಡೇ ನಟರಾಜ ಮನೆಗೆ ಬಂದ. ಸಭೆಯಲ್ಲಿ ಹಾಕಿದ ಹಾರವನ್ನು ಅಲ್ಲೇ ತೆಗೆದು ಕೈಯಲ್ಲಿ ಹಿಡಿದುಕೊಳ್ಳಬೇಕೆಂಬುದು ಅವನಿಗೆ ಗೊತ್ತಿಲ್ಲದ್ದಲ್ಲ. ಬೇಲೂರಿನಲ್ಲಿ ಸರ್ಕಾರಿ ಇಂಜಿನಿಯರಾಗಿ ಎಷ್ಟೋ ಗುದ್ದಲಿ ಪೂಜೆಗಳಲ್ಲಿ ಬೇರೆಯವರ ಕೊರಳಿಗೆ ಹಾರ ಒದಗಿಸಿದವನು. ತನ್ನ ಕೊರಳಿಗೆ ಬಿದ್ದದ್ದು ಇದೇ ಮೊದಲು. ಅದೂ ತನ್ನ ಊರಿನಲ್ಲಿ, ಮೇಲಿನ ಬೀದಿಯ ಷಡಕ್ಷರಪ್ಪನವರ ಕೈಯಿಂದ.

ಹೆಂಡತಿ ಲತಾಮಣಿ ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದಳು. ತಾಯಿ ದೇವೀರಮ್ಮ ಹೊಸಿಲ ಹತ್ತಿರ ಮೊರ ಇಟ್ಟುಕೊಂಡು ಅಲಸಂದೆಕಾಯಿ ಸುಲಿಯುತ್ತಿದ್ದಳು. ಮಗನನ್ನು ಹತ್ತಿರ ಕರೆದು, ಹಾರದಿಂದ ಒಂದು ಸೇವಂತಿಗೆಯನ್ನು ಕಿತ್ತು ಬೆರಳಲ್ಲಿ ಹಿಸುಕಿ ನೋಡಿದಳು.

“ನೆನ್ನೆ ಹೂವು. ಹಾಸನದ ಮಾರ್ಕೆಟ್ಟಿಂದು. ನನ್ ಕೇಳಿದ್ರೆ ಹೊತಾರೆ ಬಿಡಿಸಿದ್ದನ್ನೇ ಕಟ್ಟಿಕೊಡ್ತಿದ್ದೆ. ಯಾತಕ್ಕೆ ಹಾಕಿದ್ರು?”

“ನಮ್ಮ ಹಿತ್ತಲನ್ನ ಊರಿಗೆ ಕೊಟ್ಟೆ ಅಮ್ಮ,” ಎಂದ ನಟರಾಜ. ಹೇಳಿದ ರೀತಿ ನೋಡಿದರೆ ತಾಯಿಗೆ ಸೀರೆ ತಂದವನ ಹಾಗಿತ್ತು.

ದೇವೀರಮ್ಮ ಕೈಯಲ್ಲಿದ್ದ ಕಾಯಿಯನ್ನು ಪೂರ್ತಿ ಸುಲಿದಳು. ಕಾಳನ್ನು ಮೊರಕ್ಕೆ, ಸಿಪ್ಪೆಯನ್ನು ಬುಟ್ಟಿಗೆ ಹಾಕಿ, ಎದ್ದು ಹಿತ್ತಲ ಬಾಗಿಲು ದಾಟಿ ಹೋದಳು. ಆ ರಾತ್ರಿ ಊಟಕ್ಕೆ ಬರಲಿಲ್ಲ.

ಹಿರೇಕೊಳ ಹಳೇಬೀಡಿಗೂ ಹುಲಿಕೆರೆಗೂ ನಡುವೆ, ದೊಡ್ಡ ರಸ್ತೆಯಿಂದ ಒಳಕ್ಕಿರುವ ಊರು. ಹೆಸರಿಗೆ ತಕ್ಕಂತೆ ಹಳೆಯ ಕಾಲದ ಮೆಟ್ಟಿಲುಗಳ ಕೊಳವಿದೆ, ಅದರ ಸುತ್ತ ಮೇಲಿನ ಬೀದಿ. ಅಲ್ಲಿ ತೆಂಗು ಬೆಳೆಯುವವರ, ಕೊಬ್ಬರಿ ವ್ಯಾಪಾರ ಮಾಡುವವರ ಮನೆಗಳು. ಪ್ರತಿ ಮನೆಯ ಮುಂದೂ ಕಲ್ಲಿನ ಜಗಲಿ. ಅಲ್ಲಿಂದ ಕೆಳಗೆ ನಟರಾಜನವರ ಕೇರಿ. ಕೇರಿಯವರು ಕೊಳಕ್ಕೆ ಹೋಗಬೇಕಾದರೆ ಊರಿನ ಹಿಂದಿನ ಕಳ್ಳಿಸಾಲು ಹಿಡಿದು ಸುತ್ತಿ ಹೋಗುತ್ತಿದ್ದರು. ಈಗ ಯಾರೂ ಬೇಡ ಅನ್ನುವವರಿರಲಿಲ್ಲ. ಆದರೂ ಕಾಲುಗಳು ಆ ಕಳ್ಳಿಸಾಲನ್ನೇ ಹಿಡಿಯುತ್ತಿದ್ದವು. ಎಂ.ಎಸ್ಸಿ. ಓದಿ, ಹಳೇಬೀಡಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಲತಾಮಣಿಯ ಕಾಲುಗಳು ಕೂಡ.

ಎರಡು ಸಾವಿರದ ಮೂರನೆಯ ಇಸವಿಯಲ್ಲಿ ಒಂದು ಟ್ರಸ್ಟಿನವರು ಊರನ್ನು ಜೀರ್ಣೋದ್ಧಾರ ಮಾಡಲು ಮುಂದೆ ಬಂದರು. ಅವರ ಪರವಾಗಿ ಮೈಸೂರಿನಿಂದ ಚಿದಂಬರ ಎಂಬ ಆರ್ಕಿಟೆಕ್ಟ್ ಬಂದ. ತೆಳ್ಳಗಿನ ಮನುಷ್ಯ, ಮಾತು ಮೆಲ್ಲಗೆ. ಅವನ ನಕ್ಷೆಯಲ್ಲಿ ಕಮಾನಿಲ್ಲ, ಬಳ್ಳಿ ಕೆತ್ತನೆಯಿಲ್ಲ. ಎಲ್ಲವೂ ನೇರ ಗೆರೆ. ಬೀದಿಯುದ್ದಕ್ಕೂ ಒಂದೇ ಎತ್ತರದ ಬೂದುಗಲ್ಲಿನ ಆಸನ. ಕೇರಿಯ ತುದಿಯಿಂದ ಕೊಳದ ಮೊದಲ ಮೆಟ್ಟಿಲವರೆಗೆ ಬಾಣ ಬಿಟ್ಟಂತೆ ಒಂದು ಕಲ್ಲಿನ ದಾರಿ. ದಾರಿಯ ಮಗ್ಗುಲಿಗೆ ಜಲ್ಲಿ ಹಾಸಿದ ಚೌಕಾಕಾರದ ತೋಟ, ಅದರಲ್ಲಿ ಐದೇ ಐದು ಹೊಂಗೆ ಮರ. ಆ ದಾರಿಗೆ ಎರಡು ಅಡ್ಡಿ. ಮೇಲ್ಗಡೆ ಷಡಕ್ಷರಪ್ಪನವರ ಉದ್ದ ಜಗಲಿ, ಕೆಳಗಡೆ ದೇವೀರಮ್ಮನ ಹಿತ್ತಲು.

ಸಭೆಯಲ್ಲಿ ಷಡಕ್ಷರಪ್ಪ, ತಾತನ ಕಾಲದ ಜಗಲಿ, ಕೊಡುವುದು ಹೇಗೆ ಎಂದು ರಾಗ ಎಳೆಯುತ್ತಿದ್ದರಂತೆ. ಆಗ ನಟರಾಜ ಎದ್ದು ನಿಂತು, ನಮ್ಮ ಹಿತ್ತಲನ್ನು ಪೂರ್ತಿ ಬಿಟ್ಟುಕೊಡುತ್ತೇವೆ ಎಂದ. ಕೇರಿಯವರು ಕೊಟ್ಟ ಮೇಲೆ ಮೇಲಿನ ಬೀದಿಯವರು ಇಲ್ಲ ಅನ್ನುವುದುಂಟೇ? ಷಡಕ್ಷರಪ್ಪನವರೂ ಹೂಂ ಅಂದರು. ಚಪ್ಪಾಳೆ ಬಿತ್ತು.

ಮಾರನೆಯ ದಿನದಿಂದ ದೇವೀರಮ್ಮ ಮಗನ ಜೊತೆ ಮಾತು ಬಿಟ್ಟಳು. ಅಡುಗೆ, ಬಡಿಸುವುದು ಯಾವುದನ್ನೂ ಬಿಡಲಿಲ್ಲ. ಅವನ ತಟ್ಟೆಯ ಮುಂದೆ ಸೌಟು ಹಿಡಿದು ನಿಂತು, ಆರು ಅಡಿ ದೂರದಲ್ಲಿದ್ದ ಸೊಸೆಗೆ ಹೇಳುತ್ತಿದ್ದಳು: “ಕೇಳವ್ವ ನಿನ್ ಗಂಡನ್ನ, ಉಪ್ಸಾರು ಸಾಕಾ ಇನ್ನೊಂದೀಟು ಬೇಕಾ ಅಂತ.”

“ಸಾಕು ಅಂತೆ ಅತ್ತೆ.”

“ಕೇಳು, ಮೊಸರು ಹಾಕಬೇಕಾ ಅಂತ.”

ನಟರಾಜನ ತಂದೆ ಗಿಡ್ಡಯ್ಯ ಬಾಣಾವರದಲ್ಲಿ ರೈಲ್ವೆ ಗ್ಯಾಂಗಿನಲ್ಲಿ ದುಡಿದು ನಿವೃತ್ತರಾದವರು. ಕಿವಿ ಮಂದ, ನಾಲಿಗೆ ಚುರುಕು. ಈ ಆಟ ನೋಡಿ ಅವರು, “ಸಿಗ್ನಲ್ಲು ಬೀಳದೆ ಗಾಡಿ ಒಳಕ್ಕೆ ತಂದವ್ನೆ. ಇನ್ನ ಸ್ಟೇಷನ್ನಿನಾಚೆ ನಿಂತಿರಬೇಕು ಅಷ್ಟೇಯ,” ಅಂದರು. ಯಾರೂ ನಗಲಿಲ್ಲವಾದ್ದರಿಂದ ತಾವೇ ನಕ್ಕರು.

ಲತಾಮಣಿಗೆ ಅತ್ತೆ, ಗಂಡ ಇಬ್ಬರದೂ ಅರ್ಥವಾಗುತ್ತಿತ್ತು, ಅದೇ ಕಷ್ಟ. ಹಿತ್ತಲು ಅತ್ತೆಗೆ ಏನು ಎಂಬುದನ್ನು ಅವಳು ಕಣ್ಣಾರೆ ಕಂಡಿದ್ದಳು. ಒಮ್ಮೆ ತರಗತಿಯಲ್ಲಿ ಮಣ್ಣಿನ ಪಾಠಕ್ಕೆಂದು ಹಿತ್ತಲ ಮಣ್ಣನ್ನೂ ಪಕ್ಕದ ಮನೆಯ ಅಂಗಳದ ಮಣ್ಣನ್ನೂ ಎರಡು ಗಾಜಿನ ಜಾಡಿಗಳಲ್ಲಿ ನೀರಿಗೆ ಹಾಕಿ ಕಲಕಿ ಇಟ್ಟಿದ್ದಳು. ಅಂಗಳದ ಮಣ್ಣು ನೋಡುನೋಡುತ್ತಿದ್ದಂತೆ ತಳಕ್ಕೆ ಕೂತಿತು, ಬರೀ ಮರಳು, ಗರಸು. ಹಿತ್ತಲದು ಮಾರನೆಯ ದಿನವೂ ಪೂರ್ತಿ ತಿಳಿಯಾಗಿರಲಿಲ್ಲ; ನುಣ್ಣಗಿನ ಕರಿ ಗೋಡು. ಒಂದೇ ಬೇಲಿಯ ಆಚೀಚೆ ಇಷ್ಟು ವ್ಯತ್ಯಾಸ ಹೇಗೆ ಎಂದು ಮನೆಗೆ ಬಂದು ಕೇಳಿದಾಗ ಗಿಡ್ಡಯ್ಯ ತಮ್ಮ ನೆತ್ತಿ ತಟ್ಟಿ ತೋರಿಸಿ, “ನಿಮ್ಮತ್ತೆ ನೆತ್ತಿ ಕೇಳು,” ಅಂದಿದ್ದರು. ಹಿತ್ತಲು ಮೊದಲು ಕೊಳದ ಒಡೆದ ಕಲ್ಲುಗಳನ್ನು ತಂದು ಸುರಿಯುತ್ತಿದ್ದ ತಿಪ್ಪೆ. ಗಂಡ ಹಳಿ ಕಾಯುತ್ತಿದ್ದ ವರ್ಷಗಳಲ್ಲಿ ದೇವೀರಮ್ಮ ಕಲ್ಲು ಆರಿಸಿ, ಬೇಸಿಗೆಯಲ್ಲಿ ಬತ್ತಿದ ಕೊಳದಿಂದ ಗೋಡು ಹೊತ್ತು, ಕಳ್ಳಿಸಾಲಿನ ಸುತ್ತುದಾರಿಯಲ್ಲಿ ತಂದು ಹಾಕಿದ ಮಣ್ಣು. ಅದರಲ್ಲಿ ಸೇವಂತಿಗೆ, ಕನಕಾಂಬರ. ಬಚ್ಚಲ ನೀರಿನಲ್ಲಿ ಬೆಳೆದ ಆ ಹೂವನ್ನು ಬುಟ್ಟಿಯಲ್ಲಿ ಹೊತ್ತು ಮೇಲಿನ ಬೀದಿಗೆ ಹೋಗಿ, ಜಗಲಿಗಳ ಕೆಳಗೆ ನಿಂತು ಮಾರಿ ಬರುತ್ತಿದ್ದಳು.

ನಟರಾಜನ ಮನಸ್ಸಿನಲ್ಲಿದ್ದದ್ದು ಒಂದು ರಾತ್ರಿ ಹಾಸಿಗೆಯಲ್ಲಿ ಹೊರಬಂತು. ಕಾಲೇಜಿಗೆ ಹೋಗುವ ಕಾಲದಿಂದಲೂ ತನಗೊಂದು ಕನಸಿತ್ತು ಎಂದ. ಕನಸು ಅಂದರೆ ದೊಡ್ಡದೇನಲ್ಲ, ಮನೆ ಬಾಗಿಲಿಂದ ಕೊಳಕ್ಕೆ ನೆಟ್ಟಗೆ ನಡೆದು ಹೋಗುವುದು. “ಅವತ್ತು ಅವರೆಲ್ಲ ನನ್ನ ಬಾಯಿ ನೋಡ್ತಾ ಇದ್ರು ಲತಾ. ಮೊದಲನೇ ಸಲ ನಮ್ಮ ಹತ್ರ ಕೊಡೋಕೆ ಏನೋ ಇತ್ತು.”

“ಇತ್ತು. ನಿಮ್ಮದಲ್ಲ ಅದು,” ಎಂದಳು ಲತಾಮಣಿ. ಅವನು ಮಗ್ಗುಲಾದ.

ಮುಂದಿನ ವಾರ ಚಿದಂಬರನೇ ಮನೆಗೆ ಬಂದ. ಮುದುಕಿಗೆ ಬೇಜಾರಾಗಿದೆ ಎಂದು ಯಾರೋ ಅವನ ಕಿವಿಗೆ ಹಾಕಿದ್ದರು. ಥರ್ಮೋಕೋಲಿನ ಊರನ್ನು ಎದೆಗವಚಿಕೊಂಡು ಬಂದು ನಡುಮನೆಯಲ್ಲಿ ಇಟ್ಟ. ಕೊಟ್ಟ ಮಜ್ಜಿಗೆ ಕುಡಿದ, ಊಟಕ್ಕೆ ಕೂತ, ಮುದ್ದೆಯನ್ನು ಅಗಿಯದೆ ನುಂಗಲು ಕಲಿತ. ಒಳ್ಳೆಯ ಹುಡುಗ ಎಂದು ದೇವೀರಮ್ಮನಿಗೂ ಅನ್ನಿಸಿರಬೇಕು. ಕನ್ನಡಕ ತರಿಸಿಕೊಂಡು ಆ ಊರಿನ ಮೇಲೆ ಬಾಗಿದಳು. ಎಲ್ಲ ಮನೆಗಳೂ ಬಿಳಿ, ಎಲ್ಲವೂ ಒಂದೇ ಸಮ. ತನ್ನ ಮನೆಯನ್ನು ಹುಡುಕಿ, ಅದರ ಹಿಂದೆ ಬೆರಳಿಟ್ಟಳು.

“ಹೂವೆಲ್ಲಪ್ಪ?”

ಹೂವು ಬೇಡ ಎಂದೇ ಬಿಟ್ಟಿದ್ದೇನೆ ಎಂದು ಚಿದಂಬರ ವಿವರಿಸಿದ. ಬಣ್ಣ ಬಂದರೆ ಕಣ್ಣು ಅತ್ತ ಹೋಗುತ್ತದೆ; ದಾರಿಯಲ್ಲಿ ನಡೆಯುವವರಿಗೆ ಕೊಳವೊಂದೇ ಕಾಣಬೇಕು. “ಕಲ್ಲು ಮಾತಾಡಬೇಕು ಅಮ್ಮ. ಅದಕ್ಕೆ ನಾವು ಸುಮ್ಮನಿರಬೇಕು.”

“ಕಲ್ಲು ಮಾತಾಡ್ತದಾ?” ಎಂದಳು ದೇವೀರಮ್ಮ, ಹಂಗಿಸುವಂತಲ್ಲ, ನಿಜವಾಗಿ ಕೇಳುವಂತೆ. “ಅಷ್ಟು ಕಾಲದಿಂದ ಐತೆ ಅದು. ನಮ್ಮ ಜೊತೆ ಒಂದು ಮಾತಾಡಿದ್ದು ನಾ ಕಾಣೆ.”

ಚಿದಂಬರ ಪೆನ್ಸಿಲ್ ತೆಗೆದ. ಬೇಕಾದರೆ ನಿಮಗೆಂದೇ ಮೂರು ಸಿಮೆಂಟಿನ ತೊಟ್ಟಿ ಕಟ್ಟಿಸುತ್ತೇನೆ, ಅದರಲ್ಲಿ ಹೂವು ಬೆಳೆಯಿರಿ ಎಂದು ಕಾಗದದ ಮೇಲೆ ಬರೆದು ತೋರಿಸಿದ. ಅವಳು ನೋಡಿ, ಸಮಾಧಿ ಇದ್ದಂಗೈತೆ ಅಂದಳು. ಗಿಡ್ಡಯ್ಯ, ನನಗೊಂದು, ನಿನಗೊಂದು, ಮೂರನೆಯದು ಯಾರಿಗೆ ಎಂದು ಕೇಳಿದರು. ಚಿದಂಬರನೇ ಮೊದಲು ನಕ್ಕುಬಿಟ್ಟ. ಆದರೆ ಹಿತ್ತಲಿನ ಪ್ರಶ್ನೆ ಇದ್ದಲ್ಲೇ ಉಳಿಯಿತು.

ಭಾನುವಾರ ಕಿರಿಯ ಮಗ ಸಿದ್ಧಾರ್ಥ ಬಂದ. ಅರಸೀಕೆರೆಯಲ್ಲಿ ಬ್ಯಾಂಕಿನ ಕೆಲಸ. ಅವನ ಮನೆಯಲ್ಲಿ ದೇವರ ಪಟಗಳಿಲ್ಲ, ಬುದ್ಧನದೊಂದೇ. ಚಪ್ಪಲಿ ಬಿಡುವ ಮೊದಲೇ ಅಣ್ಣನ ಮೇಲೆ ಎಗರಿದ. ತಲೆತಲಾಂತರದಿಂದ ಬಿಟ್ಟಿ ದುಡಿದು ಕೊಟ್ಟವರು ನಾವೇ. ಈಗ ನೆಲವನ್ನೂ ನಾವೇ ಕೊಡಬೇಕೇ? ಜಗಲಿಯವರು ಮೊದಲು ಕೊಡಲಿ ಎನ್ನುವುದು ಅವನ ವಾದ.

“ಮೊದಲು, ಆಮೇಲೆ ಅಂತ ಕೂತ್ರೆ ದಾರಿ ಆಗುತ್ತೇನೋ?” ಎಂದ ನಟರಾಜ. “ನಿನ್ನ ಮಕ್ಕಳೂ ಕಳ್ಳಿಸಾಲಲ್ಲೇ ಹೋಗ್ಲಾ?”

“ನನ್ ಮಕ್ಕಳು ಎಲ್ಲಿ ಬೇಕಾದ್ರೂ ಹೋಗ್ತವೆ. ನಿನಗೆ ಅವರ ಹಾರ ಬೇಕಿತ್ತು, ಹಾಕ್ಕೊಂಡೆ.”

ನಟರಾಜ ಅರ್ಧ ಊಟಕ್ಕೆ ಕೈ ತೊಳೆದ. ದೇವೀರಮ್ಮ ಇಬ್ಬರ ಪರವೂ ಮಾತಾಡಲಿಲ್ಲ. ಮಗ ಬಿಟ್ಟು ಎದ್ದ ಮುದ್ದೆಯನ್ನು ನೋಡಿ, “ಅನ್ನದ ಮೇಲೆ ಯಾಕವ್ವ ಕ್ವಾಪ?” ಎಂದು ಸೊಸೆಗೆ ಹೇಳಿದಳು.

ಯುಗಾದಿ ಕಳೆದ ಮೇಲೆ ಷಡಕ್ಷರಪ್ಪನವರ ಆಳು ಬಂದು ಸುದ್ದಿ ಮುಟ್ಟಿಸಿದ. ಅಮ್ಮನಿಗೆ ಇಷ್ಟವಿಲ್ಲ ಅಂದರೆ ಬಲವಂತ ಬೇಡ. ಅವರು ಇಲ್ಲ ಅಂದರೆ ನಮ್ಮ ಜಗಲಿಯೂ ಇರಲಿ ಅಂತ ಯಜಮಾನರು ಹೇಳಿದ್ದಾರೆ. ಬೆಣ್ಣೆಯಂಥ ಮಾತು, ಒಳಗಿನ ಕೂದಲು ನಟರಾಜನಿಗೆ ಕಂಡಿತು. ಈ ಮನೆಯಿಂದ ಒಂದು ‘ಇಲ್ಲ’ ಹೊರಟರೆ ಸಾಕು, ದಾರಿ ಅಲ್ಲಿಗೆ ಮುಗಿಯಿತು. ಅವನು ತಾಯಿಯ ಹತ್ತಿರ ಹೋಗಿ, ಹಗರೆ ಕಡೆ ಬೇರೆ ಜಾಗ ಕೊಡಿಸುತ್ತೇನೆ, ಬೋರು ಹಾಕಿಸುತ್ತೇನೆ, ಇದಕ್ಕಿಂತ ಒಳ್ಳೆ ತೋಟ ಮಾಡಿಕೊಡುತ್ತೇನೆ ಎಂದು ಒಂದೊಂದಾಗಿ ಹೇಳಿದ. ಅವಳು ಕೇಳಿಸಿಕೊಂಡು, ಕಸಬರಿಕೆ ತೆಗೆದುಕೊಂಡು ಅಂಗಳಕ್ಕೆ ಹೋದಳು.

ಅದು ಸೇವಂತಿಗೆಯ ಕಂದು ಬಿಡಿಸುವ ಕಾಲ. ಹೂವು ಮುಗಿದ ಗಿಡವನ್ನು ಕೊಯ್ದುಬಿಟ್ಟರೆ ಬುಡದಲ್ಲಿ ಮರಿಗಳು ಒಡೆಯುತ್ತವೆ. ಆ ಕಂದುಗಳನ್ನು ಬೇರುಸಮೇತ ಬಿಡಿಸಿ ಹೊಸದಾಗಿ ನೆಡಬೇಕು. ಶಾಲೆಗೆ ರಜೆ ಬಂದಿದ್ದರಿಂದ ಲತಾಮಣಿಯೂ ಅತ್ತೆಯ ಜೊತೆ ಕೂತಿದ್ದಳು. ಈ ವರ್ಷ ಯಾಕೆ ಬಿಡಿಸುತ್ತಿದ್ದೇವೆ, ಎಲ್ಲಿ ನೆಡುತ್ತೇವೆ ಎಂದು ಇಬ್ಬರೂ ಆಡಲಿಲ್ಲ.

ಪಕ್ಕದ ಮನೆಯ ಮಾದಮ್ಮ ಬೇಲಿ ದಾಟಿ ಬಂದು, ಸೆರಗೊಡ್ಡಿ ನಿಂತಳು. “ಕಂದು ಕೊಡ್ತೀಯೇನಕ್ಕ?”

“ಎಷ್ಟು ಬೇಕು?” ಎಂದಳು ದೇವೀರಮ್ಮ.

“ಒಂದು ಹಿಡಿ ಸಾಕು ಕಣಕ್ಕ.”

ದೇವೀರಮ್ಮ ಒಂದು ಹಿಡಿ ಎಣಿಸದೆ ಹಾಕಿದಳು. ಮಾದಮ್ಮ ಹೋದ ಮೇಲೆ ಲತಾಮಣಿ, ನಿನ್ನೆ ಆಕೆ ಬೇಲಿಯಾಚೆ ಅಷ್ಟು ಹೊತ್ತು ನಿಂತು ನೋಡುತ್ತಿದ್ದಳಲ್ಲ, ನೀವೇ ಕರೆದು ಕೊಡಬಹುದಿತ್ತಲ್ಲ ಎಂದು ಕೇಳಿದಳು.

“ಕೇಳದೆ ಕೊಟ್ಟ ಕಂದು ಹತ್ತಾಕಿಲ್ಲ ಕಣವ್ವ. ಕೇಳಿದೋರಿಗೆ ಇಲ್ಲ ಅಂದ್ರೆ ನಮ್ ಬುಡದಲ್ಲಿರೋದೂ ಉಳಿಯಾಕಿಲ್ಲ. ಯಾಕೆ ಅಂತ ಕೇಳಂಗಿಲ್ಲ. ಎಷ್ಟು ಬೇಕು ಅಂತ ಕೇಳಬೇಕು, ಕೊಡಬೇಕು. ನಮ್ಮವ್ವ ಹೇಳಿದ್ದು.”

ಲತಾಮಣಿಯ ಕೈ ಮಣ್ಣಿನಲ್ಲೇ ನಿಂತಿತು. ಹಾರದ ಹೂವು ಹಿಸುಕಿದ ದಿನ ಅತ್ತೆ ಆಡಿದ ಮಾತು ಅವಳಿಗೆ ನೆನಪಾಯಿತು: ನನ್ ಕೇಳಿದ್ರೆ.

ಅವಳು ಗಂಡನಿಗೆ ಹೇಳುವ ಮೊದಲೇ ಇನ್ನೊಬ್ಬರು ಕೇಳಲು ಬಂದರು. ಮಾರನೆಯ ಮಧ್ಯಾಹ್ನ ಷಡಕ್ಷರಪ್ಪನವರ ಹೆಂಡತಿ ಗುರುಸಿದ್ದಮ್ಮ ಕಳ್ಳಿಸಾಲಿನ ಕಡೆಯಿಂದ ಬಂದು ಹಿತ್ತಲ ಬೇಲಿಯ ಹತ್ತಿರ ನಿಂತಿದ್ದರು. ಮೂವತ್ತು ವರ್ಷ ಜಗಲಿಯ ಮೇಲೆ ನಿಂತು ದೇವೀರಮ್ಮನಿಂದ ಹೂವು ಕೊಂಡವರು, ಈ ಕಡೆಗೆ ಬಂದದ್ದು ಇದೇ ಮೊದಲು. ಸುತ್ತು ದಾರಿ ನಡೆದು ಏದುಸಿರು ಬಿಡುತ್ತಿದ್ದರು. ಲತಾಮಣಿ ಮಣೆ ತಂದಿಟ್ಟಳು. ಅವರು ಮಣೆಯನ್ನು ನೋಡಿದರು, ಸೊಸೆಯನ್ನು ನೋಡಿದರು, ಕೂತರು.

“ನಿನ್ ಮಗ ಕೊಟ್ಟ ಅಂತ ನಮ್ ಯಜಮಾನ್ರೂ ಕೊಟ್ಟು ಬಂದ್ರು ದೇವೀರಿ. ನನ್ನ ಒಂದ್ ಮಾತು ಕೇಳಲಿಲ್ಲ. ಜಗಲಿ ಮೇಲೆ ಅವರು ಕೂತು ಎಲೆ ಅಡಿಕೆ ಹಾಕ್ತಾರೆ ಅಷ್ಟೆ. ಸಂಡಿಗೆ ಒಣಗಿಸೋಳು ನಾನು, ಮೆಣಸಿನಕಾಯಿ ಹರವೋಳು ನಾನು. ಮನೆ ಒಳಗೆ ಬಿಸಿಲೆಲ್ಲಿ ಬತ್ತದೆ?” ಅವರು ದನಿ ತಗ್ಗಿಸಿದರು. “ನೀನು ಇಲ್ಲ ಅಂದುಬಿಡು. ನಿನ್ ಹಿತ್ಲೂ ಉಳೀತದೆ, ನನ್ ಜಗಲೀನೂ ಉಳೀತದೆ. ಅದನ್ನ ಕೇಳಾಕೇ ಬಂದೆ.”

ಲತಾಮಣಿ ಅತ್ತೆಯ ಕಡೆ ತಿರುಗಿದಳು. ಕೇಳಿದವರಿಗೆ ಇಲ್ಲ ಅನ್ನಬಾರದು. ಅತ್ತೆ ಈಗ ಏನು ಮಾಡುತ್ತಾಳೆ?

ದೇವೀರಮ್ಮ ಬಿಡಿಸಿದ ಕಂದುಗಳ ಬೇರಿಗೆ ಕೆಸರು ಮೆತ್ತುತ್ತ ಹೇಳಿದಳು: “ಅವ್ವಾರೆ, ಕಂದು ಕೇಳಿ, ಕೊಡ್ತೀನಿ. ಹೂವು ಕೇಳಿ, ಕೊಡ್ತೀನಿ. ‘ಇಲ್ಲ’ ಅನ್ನೋದನ್ನ ಕೇಳಿದ್ರೆ ಎಲ್ಲಿಂದ ತರ್ಲಿ? ಅದು ನನ್ ಹಿತ್ಲಲ್ಲಿ ಬೆಳೆಯಾಕಿಲ್ಲ.” ಆಮೇಲೆ ಸ್ವಲ್ಪ ತಡೆದು, “ನಿಮ್ಮನ್ನೂ ಕೇಳಲಿಲ್ವಾ ಹಂಗಾದ್ರೆ,” ಎಂದಳು. “ಸಂಡಿಗೆಗೆ ಬಿಸಿಲು ಬೇಕಾದ್ರೆ ಇಲ್ಲಿ ಐತೆ. ಹಾಕ್ಕಳಿ.”

ಗುರುಸಿದ್ದಮ್ಮ ಮಣೆಯಿಂದ ಎದ್ದರು. ಲಿಂಗವಂತರ ಮನೆಯ ಸಂಡಿಗೆ ಈ ಹಿತ್ತಲಲ್ಲಿ ಒಣಗುವುದು ಅವರಿಗೆ ಆಡಲೂ ಆಗದ, ತಳ್ಳಲೂ ಆಗದ ಮಾತಾಗಿತ್ತು. ಹೋಗುವಾಗ ಒಂದು ಹಿಡಿ ಕಂದನ್ನು ಮಾತ್ರ ಕೇಳಿ ತೆಗೆದುಕೊಂಡು ಹೋದರು, ಸೆರಗಿನಲ್ಲಿ.

ಅಂದು ಸಂಜೆ ಲತಾಮಣಿ ಗಂಡನಿಗೆ ಹೇಳಿದಳು: “ನೀವು ಬೇರೆ ಜಾಗ ಕೊಡ್ತೀನಿ, ಬೋರು ಕೊಡ್ತೀನಿ ಅಂದ್ರಿ. ಕೊಡೋದರಲ್ಲೇ ಇದ್ದೀರಿ. ಒಂದು ಸಲ ಕೇಳಿ.”

“ನಮ್ಮಮ್ಮನ ಹತ್ರ ಅರ್ಜಿ ಹಾಕ್ಬೇಕಾ ನಾನು?”

“ಮಾದಮ್ಮ ಹಾಕಲಿಲ್ವಾ? ಅವಳ ಮಾನ ಹೋಯ್ತಾ?”

ಎರಡು ದಿನ ಅವನು ಎಂದಿನಂತೆ ಬೇಲೂರಿಗೆ ಹೋಗಿ ಬಂದ. ಮೂರನೆಯ ದಿನ ಬೈಕು ನಿಲ್ಲಿಸಿ, ಕೈಕಾಲು ತೊಳೆದು, ನೇರ ಹಿತ್ತಲಿಗೆ ನಡೆದ. ದೇವೀರಮ್ಮ ಮಣ್ಣು ಎಳೆದು ಮಡಿ ಕಟ್ಟುತ್ತಿದ್ದಳು. ಅವನು ಪ್ಯಾಂಟಿನ ಮಂಡಿ ಎಳೆದುಕೊಂಡು ಎದುರಿಗೆ ಕುಕ್ಕರಗಾಲಲ್ಲಿ ಕೂತ. ಒಡ್ಡಲು ಹೆಗಲ ಮೇಲೆ ಟವೆಲ್ ಇರಲಿಲ್ಲ. ಜೇಬಿನಿಂದ ಕರ್ಚೀಫು ತೆಗೆದ, ಅದನ್ನೇನು ಮಾಡುವುದೆಂದು ತಿಳಿಯದೆ ಕೈಯಲ್ಲಿ ಹರಡಿಕೊಂಡ. ಹಿತ್ತಲ ಬಾಗಿಲಲ್ಲಿ ನಿಂತಿದ್ದ ಲತಾಮಣಿ ಒಳಗೆ ಹೋಗಬೇಕೆಂದುಕೊಂಡಳು, ಹೋಗಲಿಲ್ಲ.

“ಅಮ್ಮ, ದಾರಿಗೆ ಜಾಗ ಕೊಡ್ತೀಯಾ?”

ದೇವೀರಮ್ಮ ಕರ್ಚೀಫನ್ನು ನೋಡಿದಳು. “ಎಷ್ಟು ಬೇಕ್ಲಾ?”

ಸಭೆ ನಡೆದ ಶಿವರಾತ್ರಿಯ ವಾರದಿಂದ ಈಚೆಗೆ ಮಗನಿಗೆ ಅವಳಾಡಿದ ಮೊದಲ ಮಾತು. ಸಭೆಯಲ್ಲಿ ನಟರಾಜ ಪೂರ್ತಿ ಅಂದಿದ್ದ. ಎಷ್ಟು ಬೇಕು ಎಂದು ಅವನನ್ನು ಯಾರೂ ಕೇಳಿರಲಿಲ್ಲ, ಅವನೂ ಯಾರನ್ನೂ ಕೇಳಿರಲಿಲ್ಲ. ಎದ್ದು ಬೇಲಿಯ ಈ ತುದಿಯಿಂದ ಮಡಿಗಳ ಪಕ್ಕದಲ್ಲಿ ಹೆಜ್ಜೆ ಹಾಕಿ ನೋಡಿದ. ದಿನವೂ ರಸ್ತೆ ಅಳೆಯುವವನ ಹೆಜ್ಜೆ.

“ಹನ್ನೆರಡು ಅಡಿ ಅಮ್ಮ. ದಾರಿಗೆ ಅಷ್ಟು ಸಾಕು. ಮಿಕ್ಕಿದ್ದು ಜಲ್ಲಿ ಹಾಸೋಕೆ.”

“ಜಲ್ಲಿ ನಾ ಆರಿಸಿ ಆಚೆ ಹಾಕಿದ್ದೀನಿ. ತಿರುಗಿ ಯಾಕೆ ತರ್ತೀರಾ?” ಎಂದಳು ತಾಯಿ. “ಹನ್ನೆರಡು ಅಡಿ ತಗೋ. ಅದರ ಮೇಲಿನ ಗೋಡನ್ನ ಬಗೆದು ಈ ಮಗ್ಗುಲಿಗೆ ಹಾಕಿಕೊಡು. ನೀನೇ ಹೊರಬೇಕು.”

ಅವನೇ ಹೊತ್ತ. ಎರಡು ಭಾನುವಾರ, ಬನಿಯನ್ನಿನಲ್ಲಿ. ಸಿದ್ಧಾರ್ಥನೂ ಬಂದು ಒಂದು ಸನಿಕೆ ಹಿಡಿದ; ಅಮ್ಮನಿಗಾಗಿ ಬಂದೆ, ದಾರಿಗಲ್ಲ, ಕೊಟ್ಟೋರು ಈಗಲೂ ನಾವೇ ಎಂದು ಹೇಳಿಯೇ ಹಿಡಿದ. ಗಿಡ್ಡಯ್ಯ ಕಲ್ಲಿನ ಮೇಲೆ ಕೂತು, ಗ್ಯಾಂಗಿನವರಿಗೆ ಹಾಕುತ್ತಿದ್ದ ಕೂಗು ಹಾಕಿದರು.

ಚಿದಂಬರನಿಗೆ ಚೌಕ ತೋಟ ಹೋದದ್ದು ನಿಜವಾಗಿ ನೋವಾಯಿತು. ನಕ್ಷೆಯ ಮೇಲೆ ಪೆನ್ಸಿಲ್ ಇಟ್ಟುಕೊಂಡು ತುಂಬಾ ಹೊತ್ತು ಕೂತಿದ್ದ, ಕೊನೆಗೆ ಅಳಿಸಿದ. ಅವನಿಗೆ ಇನ್ನೂ ಒಂದು ನೋವು ಕಾದಿತ್ತು. ಹಿತ್ತಲು ಪೂರ್ತಿ ಹೋಗಿಲ್ಲ ಎಂದು ತಿಳಿದ ಷಡಕ್ಷರಪ್ಪ ತಮ್ಮ ಜಗಲಿಯಲ್ಲೂ ಅರ್ಧವನ್ನೇ ಬಿಟ್ಟುಕೊಟ್ಟರು. ಉಳಿದರ್ಧ ಅವರು ಕೂರಲು ಸಾಕು, ಚಾಪೆ ಹಾಸಲು ಸಾಲದು. ಕೇರಿಯಿಂದ ಹನ್ನೆರಡು ಅಡಿ ಅಗಲಕ್ಕೆ ಬಂದ ಬೂದುಗಲ್ಲಿನ ದಾರಿ ಅವರ ಮನೆಯ ಮುಂದೆ ಥಟ್ಟನೆ ಸೊರಗಿ, ಒಬ್ಬರು ನಡೆಯುವಷ್ಟಾಗಿ, ಮತ್ತೆ ಹಿಗ್ಗಿ ಕೊಳ ಸೇರಿತು. ಬಾಣಕ್ಕೆ ಗಂಟು ಬಿದ್ದಂತಾಯಿತು ಎಂದು ಚಿದಂಬರ ಹೇಳಿಕೊಂಡು ಓಡಾಡಿದ. ಕೆಲಸ ಮುಗಿದ ದಿನ ಸಭೆಯಾಯಿತು. ನಟರಾಜನಿಗೆ ಯಾರೂ ಹಾರ ಹಾಕಲಿಲ್ಲ. ಅವನಿಗೆ ಅದರ ನೆನಪೂ ಆಗಲಿಲ್ಲ. ಬೆಳಗಾಗೆದ್ದು ಟವೆಲ್ ಹೆಗಲಿಗೆ ಹಾಕಿಕೊಂಡು ಬಾಗಿಲಿಂದ ಕೊಳಕ್ಕೆ ನೆಟ್ಟಗೆ ಹೋಗಿ, ಸುಮ್ಮನೆ ಕಾಲು ನೆನೆಸಿ ಬಂದಿದ್ದ.

ಮುಂದಿನ ಬೇಸಿಗೆಯ ಒಂದು ಬೆಳಿಗ್ಗೆ ದೇವೀರಮ್ಮ ಕನಕಾಂಬರದ ಬುಟ್ಟಿ ಹೊತ್ತು ಮೇಲಕ್ಕೆ ಹೊರಟಿದ್ದಳು. ಶಾಲೆಗೆ ಹೊರಟ ಲತಾಮಣಿ ಹಿಂದೆಯೇ ಇದ್ದಳು. ದಾರಿ ಸೊರಗುವ ಜಾಗಕ್ಕೆ ಬರುವ ಹೊತ್ತಿಗೆ ಎದುರಿನಿಂದ ಗುರುಸಿದ್ದಮ್ಮ ಬಂದರು. ಸೊಂಟದ ಮೇಲೆ ಸಂಡಿಗೆ ಹಿಟ್ಟಿನ ಪಾತ್ರೆ, ಕಂಕುಳಲ್ಲಿ ಸುರುಳಿ ಸುತ್ತಿದ ಚಾಪೆ. ಮುಖ ಕೆಳಗಿನ ಕೇರಿಯ ಕಡೆಗಿತ್ತು.

ಇಬ್ಬರೂ ನಿಂತರು. ಅಲ್ಲಿ ಇಬ್ಬರು ಹಾಯುವಂತಿರಲಿಲ್ಲ. ಒಬ್ಬರು ಹಿಂದಕ್ಕೆ ಹೋಗಬೇಕು. ಇಲ್ಲವೇ ಪಕ್ಕದ ಜಗಲಿ ಹತ್ತಬೇಕು.

“ನನ್ ಕೈಲಿ ಹಿಟ್ಟೈತೆ ಕಣೇ,” ಎಂದರು ಗುರುಸಿದ್ದಮ್ಮ.

ದೇವೀರಮ್ಮ ಬುಟ್ಟಿಯನ್ನು ಒಂದು ಕೈಯಲ್ಲಿ ಸರಿಪಡಿಸಿಕೊಂಡು, ಇನ್ನೊಂದು ಕೈಯನ್ನು ಮಂಡಿಗೆ ಊರಿ, ಷಡಕ್ಷರಪ್ಪನವರ ಜಗಲಿಯ ಮೇಲೆ ಹತ್ತಿ ನಿಂತಳು.

“ಅಂಚು ಸಡಿಲ ಐತೆ, ಹುಷಾರು,” ಎಂದು ಹೇಳಿ, ಗುರುಸಿದ್ದಮ್ಮ ಕೆಳಗಿನಿಂದ ಹಾದು ಹಿತ್ತಲ ಕಡೆಗೆ ಹೋದರು.